ಒಂದು ದಿನದ ತಡ: ಬಿ.ಡಿ. ಜತ್ತಿ ಮತ್ತು 1977ರ ಒಂದು ಸಹಿ



ಹೊಸಬರೊಬ್ಬರು ಅಧ್ಯಕ್ಷರಾಗಿ ಒಂದು ವಾರ ಕಳೆಯುವುದರೊಳಗೆ ನಮ್ಮ ತೀರ್ಪು ಸಿದ್ಧವಾಗಿರುತ್ತದೆ. "ಇವರು ಗಟ್ಟಿ ಮನುಷ್ಯ", "ಇವರು ಬರೀ ಕೈಗೊಂಬೆ", "ಇವರಿಗಿಂತ ಹಿಂದಿನವರೇ ಪಾಡಿದ್ದರು." ದೇಶದ ರಾಷ್ಟ್ರಪತಿಯಿರಲಿ, ಇಚಲಕರಂಜಿಯ ಪಾಲಿಕೆಯಿರಲಿ, ನಮ್ಮ ಧರ್ಮಕೇಂದ್ರದ ಯುವಸಂಘವಿರಲಿ, ಮಾತು ಒಂದೇ ಬಗೆ. ಈ ಅವಸರಕ್ಕೆ ಒಂದು ಅಳತೆಗೋಲನ್ನೂ ಜಗತ್ತು ಕೊಟ್ಟಿದೆ. 1933ರಲ್ಲಿ ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅಧಿಕಾರಕ್ಕೆ ಬಂದ ಹೊಸತರಲ್ಲೇ ಒಂದರ ಹಿಂದೊಂದು ಕಾನೂನು ತಂದರು. ಅಂದಿನಿಂದ "ಮೊದಲ ನೂರು ದಿನ" ಎಂಬ ಮಾತು ಬಂತು. ನೂರು ದಿನದಲ್ಲಿ ಎಷ್ಟು ಕೆಲಸ ಮಾಡಿದರು ಎಂದು ಎಣಿಸುವುದು ರೂಢಿಯಾಯಿತು.

ಆದರೆ ಹೊಸ ಅಧ್ಯಕ್ಷರು ಅವಸರದಿಂದ ಮಾಡಿದ್ದಕ್ಕಲ್ಲ, ತಡ ಮಾಡಿದ್ದಕ್ಕೆ ಬೈಸಿಕೊಂಡ ಕಥೆಯೊಂದು ನಮ್ಮ ದೇಶದಲ್ಲಿದೆ. ಅವರು ಕನ್ನಡಿಗರು, ನಮ್ಮ ಕೊಲ್ಹಾಪುರದಲ್ಲೇ ಓದಿದವರು. ಅವರ ಹೆಸರು ಬಸಪ್ಪ ದಾನಪ್ಪ ಜತ್ತಿ.

ಸಾವಳಗಿಯಿಂದ ಕೊಲ್ಹಾಪುರಕ್ಕೆ

ಜತ್ತಿಯವರು 1912ರಲ್ಲಿ ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ ಹುಟ್ಟಿದರು. ಜಮಖಂಡಿ ಆಗ ಪಟವರ್ಧನ ಮನೆತನದ ಪುಟ್ಟ ಸಂಸ್ಥಾನ. ಹೆಚ್ಚಿನ ಓದಿಗೆ ಅವರು ಕೊಲ್ಹಾಪುರಕ್ಕೆ ಬಂದರು. ರಾಜಾರಾಮ್ ಕಾಲೇಜಿನಲ್ಲಿ ಪದವಿ, ಸೈಕ್ಸ್ ಕಾನೂನು ಕಾಲೇಜಿನಲ್ಲಿ ಕಾನೂನು ಓದಿ ಊರಿಗೆ ಮರಳಿ ವಕೀಲಿ ಹಿಡಿದರು. 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದರು, 1945ರಲ್ಲಿ ಅದೇ ಪುರಸಭೆಯ ಅಧ್ಯಕ್ಷರಾದರು. ಅವರ ಮೊದಲ ಅಧ್ಯಕ್ಷಗಿರಿ ಅದು. ಊರಿನ ನೀರು, ರಸ್ತೆ, ಗಟಾರಗಳ ಅಧ್ಯಕ್ಷಗಿರಿ.

ಸಂಸ್ಥಾನ ವಿಲೀನವಾದ ಮೇಲೆ ಅವರು ಮುಂಬಯಿ ವಿಧಾನಸಭೆಗೆ ಹೋದರು. 1952ರ ಚುನಾವಣೆಯ ನಂತರ ಅಲ್ಲಿ ಉಪಸಚಿವರಾದರು. ಆಗ ಮುಂಬಯಿಯ ಮುಖ್ಯಮಂತ್ರಿ ಮೊರಾರ್ಜಿ ದೇಸಾಯಿ. ಈ ಹೆಸರನ್ನು ನೆನಪಿಟ್ಟುಕೊಳ್ಳಿ. 1958ರಿಂದ 1962ರವರೆಗೆ ಜತ್ತಿಯವರು ಮೈಸೂರು ರಾಜ್ಯದ ಮುಖ್ಯಮಂತ್ರಿ. ಆಮೇಲೆ ಪುದುಚೇರಿಯ ಉಪರಾಜ್ಯಪಾಲ, ಒಡಿಶಾದ ರಾಜ್ಯಪಾಲ. 1974ರ ಆಗಸ್ಟ್‌ನಲ್ಲಿ ಭಾರತದ ಉಪರಾಷ್ಟ್ರಪತಿ.

ಪ್ರಶ್ನೆ ಕೇಳದ ರಾತ್ರಿ

ಜತ್ತಿಯವರ ಸಹಿಯ ಕಥೆಗೆ ಮುಂಚೆ ಇನ್ನೊಂದು ಸಹಿಯನ್ನು ನೋಡಬೇಕು. ಅದೇ 1974ರ ಆಗಸ್ಟ್‌ನಲ್ಲಿ ಫಕ್ರುದ್ದೀನ್ ಅಲಿ ಅಹಮದ್ ರಾಷ್ಟ್ರಪತಿಯಾಗಿದ್ದರು. ಹತ್ತು ತಿಂಗಳು ಕಳೆದಿತ್ತು. 1975ರ ಜೂನ್ 25ರ ರಾತ್ರಿ ಪ್ರಧಾನಿ ಇಂದಿರಾ ಗಾಂಧಿಯವರಿಂದ ತುರ್ತು ಪರಿಸ್ಥಿತಿಯ ಘೋಷಣೆಗೆ ಸಹಿ ಕೇಳಿ ಪತ್ರ ಬಂತು. ಸಚಿವ ಸಂಪುಟ ಸಭೆಯನ್ನೇ ಸೇರಿರಲಿಲ್ಲ. ರಾಷ್ಟ್ರಪತಿಯವರು ಅದೇ ರಾತ್ರಿ ಸಹಿ ಹಾಕಿದರು. ಸಂಪುಟಕ್ಕೆ ವಿಷಯ ತಿಳಿದದ್ದು ಮರುದಿನ ಬೆಳಿಗ್ಗೆ. ಅಷ್ಟರಲ್ಲಿ ಬಂಧನಗಳು ಶುರುವಾಗಿದ್ದವು.

"ಸಂಪುಟ ಏನು ಹೇಳಿದೆ?" ಎಂಬ ಒಂದು ಪ್ರಶ್ನೆಗೆ ಆ ರಾತ್ರಿ ಜಾಗವಿತ್ತು. ಕೇಳಿದ್ದರೆ ಇತಿಹಾಸ ಬದಲಾಗುತ್ತಿತ್ತು ಎಂದು ನಾವು ಹೇಳುವುದಿಲ್ಲ. ಕೇಳದೆ ಹಾಕಿದ ಸಹಿಯ ಭಾರವನ್ನು ದೇಶ 21 ತಿಂಗಳು ಹೊತ್ತಿತು ಎಂಬುದಂತೂ ನಿಜ.

ಇನ್ನೊಂದು ಬದಲಾವಣೆಯೂ ಆ ಕಾಲದಲ್ಲೇ ಆಯಿತು. 1976ರ 42ನೆಯ ತಿದ್ದುಪಡಿಯು ಸಂಪುಟದ ಸಲಹೆಯಂತೆಯೇ ರಾಷ್ಟ್ರಪತಿ ನಡೆಯಬೇಕು ಎಂದು ಸಂವಿಧಾನದಲ್ಲೇ ಬರೆಯಿತು. ಅದನ್ನು ಒಪ್ಪಿದ ರಾಜ್ಯಸಭೆಗೆ ಆಗ ಸಭಾಪತಿ ಜತ್ತಿಯವರೇ.

ಹನ್ನೊಂದು ವಾರಗಳ ಹೊಸ ರಾಷ್ಟ್ರಪತಿ

1977ರ ಫೆಬ್ರವರಿ 11ರಂದು ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು. ಅಂದೇ ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚ್‌ನ ಚುನಾವಣೆಯಲ್ಲಿ ಕಾಂಗ್ರೆಸ್ ಸೋತಿತು. ಮಾರ್ಚ್ 21ರಂದು ತುರ್ತು ಪರಿಸ್ಥಿತಿ ಕೊನೆಗೊಂಡಿತು. ಮಾರ್ಚ್ 24ರಂದು ಜನತಾ ಪಕ್ಷದ ಹೊಸ ಪ್ರಧಾನಿಗೆ ಜತ್ತಿಯವರು ಪ್ರಮಾಣ ವಚನ ಬೋಧಿಸಿದರು. ಆ ಪ್ರಧಾನಿ ಮೊರಾರ್ಜಿ ದೇಸಾಯಿ, ಒಂದು ಕಾಲಕ್ಕೆ ಅವರ ಮುಖ್ಯಮಂತ್ರಿ.

ಏಪ್ರಿಲ್‌ನಲ್ಲಿ ಗೃಹ ಸಚಿವ ಚರಣ್ ಸಿಂಗ್ ಕಾಂಗ್ರೆಸ್ ಆಡಳಿತದ ಒಂಬತ್ತು ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದರು: ವಿಧಾನಸಭೆ ವಿಸರ್ಜಿಸಿ ಹೊಸ ಚುನಾವಣೆಗೆ ಹೋಗಿ ಎಂದು. ಉತ್ತರ ಪ್ರದೇಶ, ಬಿಹಾರ, ಮಧ್ಯ ಪ್ರದೇಶ, ರಾಜಸ್ಥಾನ, ಪಂಜಾಬ್, ಹರಿಯಾಣ, ಹಿಮಾಚಲ ಪ್ರದೇಶ, ಒಡಿಶಾ, ಪಶ್ಚಿಮ ಬಂಗಾಳ, ಇವು ಆ ಒಂಬತ್ತು. ಆರು ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು. ಏಪ್ರಿಲ್ 29ರಂದು ಏಳು ನ್ಯಾಯಾಧೀಶರ ಪೀಠ ಅವುಗಳ ದಾವೆಯನ್ನು ತಳ್ಳಿಹಾಕಿತು. ಕೂಡಲೇ ಸಂಪುಟ ಒಂಬತ್ತೂ ವಿಧಾನಸಭೆಗಳ ವಿಸರ್ಜನೆಗೆ ಸಲಹೆ ಮಾಡಿ ಕಾಗದವನ್ನು ರಾಷ್ಟ್ರಪತಿ ಭವನಕ್ಕೆ ಕಳಿಸಿತು.

ಜತ್ತಿಯವರು ತಕ್ಷಣ ಸಹಿ ಹಾಕಲಿಲ್ಲ. ಸಹಿ ಬಿದ್ದದ್ದು ಮರುದಿನ, ಏಪ್ರಿಲ್ 30ರಂದು. ಹುದ್ದೆಗೆ ಬಂದು ಹನ್ನೊಂದು ವಾರ ಕಳೆದಿತ್ತು.

ನಡೆದದ್ದು ಇಷ್ಟೇ, ಒಂದು ದಿನದ ತಡ. ಆದರೆ ಅದಕ್ಕೆ ದೇಶ ತುಂಬ ಟೀಕೆ ಬಂತು.

ಎರಡೂ ಕಡೆಯ ಮಾತು

ಟೀಕಿಸಿದವರ ಮಾತಿನಲ್ಲಿ ಹುರುಳಿಲ್ಲ ಎನ್ನಲಾಗದು. ಉತ್ತರ ಪ್ರದೇಶದ 85 ಲೋಕಸಭಾ ಸ್ಥಾನಗಳಲ್ಲಿ, ಬಿಹಾರದ 54ರಲ್ಲಿ ಕಾಂಗ್ರೆಸ್‌ಗೆ ಒಂದೂ ಸಿಕ್ಕಿರಲಿಲ್ಲ. ಜನ ಇಷ್ಟು ಸ್ಪಷ್ಟವಾಗಿ ಬೇಡವೆಂದ ಮೇಲೆ ಅದೇ ಪಕ್ಷ ರಾಜ್ಯಗಳಲ್ಲಿ ಕೂತಿರುವುದು ಸರಿಯೇ ಎಂದು ಅವರು ಕೇಳಿದರು. ಜತ್ತಿಯವರು ಕಾಂಗ್ರೆಸ್ಸಿನಲ್ಲಿ ಬೆಳೆದವರು. ತುರ್ತು ಪರಿಸ್ಥಿತಿಯ ಉದ್ದಕ್ಕೂ ಉಪರಾಷ್ಟ್ರಪತಿಯ ಹುದ್ದೆಯಲ್ಲಿ ಇದ್ದವರು. ಅಂದು ಬಾರದ ಅನುಮಾನ ಈಗೇಕೆ ಬಂತು ಎಂಬ ಪ್ರಶ್ನೆ ಕಹಿಯಾದರೂ ನ್ಯಾಯವಾದದ್ದೇ. ಆರಿಸಿ ಬಂದ ಸರ್ಕಾರದ ಸಲಹೆಯನ್ನು ಆರಿಸಿ ಬಾರದ ರಾಷ್ಟ್ರಪತಿ ತಡೆಯತೊಡಗಿದರೆ ಪ್ರಜಾಪ್ರಭುತ್ವಕ್ಕೆ ಅದೂ ಅಪಾಯವೇ.

ಇನ್ನೊಂದು ಕಡೆಯ ಮಾತನ್ನೂ ಕೇಳೋಣ. ಆ ರಾಜ್ಯಗಳ ಶಾಸಕರನ್ನು ಆರಿಸಿದ್ದು ಜನರೇ. ಲೋಕಸಭೆಗೆ ಒಂದು ಪಕ್ಷ ಸೋತ ಮಾತ್ರಕ್ಕೆ ರಾಜ್ಯದ ವಿಧಾನಸಭೆಯನ್ನು ದಿಲ್ಲಿಯಿಂದ ಮುಚ್ಚಬಹುದೇ? ಒಂದು ರಾಜ್ಯವಲ್ಲ, ಒಂಬತ್ತು ರಾಜ್ಯಗಳನ್ನು ಒಂದೇ ಏಟಿಗೆ? ಇಂದು ಇವರು ಮಾಡಿದ್ದನ್ನು ನಾಳೆ ಅವರು ಮಾಡಿದರೆ?

ಆ "ನಾಳೆ" ಬರಲು ಮೂರು ವರ್ಷವೂ ಬೇಕಾಗಲಿಲ್ಲ. ಇಂದಿರಾ ಗಾಂಧಿಯವರು ಮತ್ತೆ ಗೆದ್ದು ಬಂದರು. 1980ರ ಫೆಬ್ರವರಿಯಲ್ಲಿ ಅದೇ ಕಾರಣ ಕೊಟ್ಟು ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಿದರು. 1977ರಲ್ಲಿ ಕೈತಟ್ಟಿದವರಿಗೆ 1980ರಲ್ಲಿ ಅದೇ ಅಸ್ತ್ರ ತಿರುಗಿ ಬಂತು.

ಕಾಲ ಹೇಳಿದ ತೀರ್ಪು

ಜನತಾ ಸರ್ಕಾರವೇ 1978ರಲ್ಲಿ 44ನೆಯ ತಿದ್ದುಪಡಿ ತಂದಿತು. ತುರ್ತು ಪರಿಸ್ಥಿತಿ ಘೋಷಿಸಲು ಇನ್ನು ಮುಂದೆ ಸಂಪುಟದ ತೀರ್ಮಾನ ಲಿಖಿತವಾಗಿ ಬರಬೇಕು. ಸಂಪುಟದ ಸಲಹೆಯನ್ನು ಮರುಪರಿಶೀಲಿಸಿ ಎಂದು ರಾಷ್ಟ್ರಪತಿ ಒಮ್ಮೆ ಹಿಂದಕ್ಕೆ ಕಳಿಸಬಹುದು. ಮತ್ತೆ ಅದೇ ಸಲಹೆ ಬಂದರೆ ಒಪ್ಪಲೇಬೇಕು. ಗಮನಿಸಿ: ಏಪ್ರಿಲ್ 29ರ ರಾತ್ರಿ ಜತ್ತಿಯವರ ಕೈಯಲ್ಲಿ ಯಾವ ದಾರಿ ಇರಲಿಲ್ಲವೋ ಅದನ್ನೇ ಸಂವಿಧಾನ ಮುಂದಿನ ವರ್ಷ ತೆರೆಯಿತು. ತಡೆಯುವ ಹಕ್ಕನ್ನಲ್ಲ, ಒಮ್ಮೆ ನಿಂತು ಕೇಳುವ ಹಕ್ಕನ್ನು ಕೊಟ್ಟಿತು.

ಮುಂದಿನ ಮೆಟ್ಟಿಲಲ್ಲಿ ಇನ್ನೊಬ್ಬ ಕನ್ನಡಿಗರಿದ್ದಾರೆ. 1989ರ ಏಪ್ರಿಲ್ 21ರಂದು ಕರ್ನಾಟಕದಲ್ಲಿ ಎಸ್.ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಜಾ ಮಾಡಲಾಯಿತು. ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದರೂ ಅವರಿಗೆ ಅವಕಾಶ ಸಿಗಲಿಲ್ಲ. ಅವರು ನ್ಯಾಯಾಲಯಕ್ಕೆ ಹೋದರು. 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ತೀರ್ಪು ಕೊಟ್ಟರು. ಬಹುಮತದ ಪರೀಕ್ಷೆ ಸದನದಲ್ಲೇ ಆಗಬೇಕು. ಸಂಸತ್ತಿನ ಎರಡೂ ಸದನಗಳು ಒಪ್ಪುವ ಮೊದಲು ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಇಂಥ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. 1977ರಲ್ಲಿ ಒಂದೇ ದಿನದಲ್ಲಿ ಮುಗಿದ ಕೆಲಸವನ್ನು ಇಂದು ಅಷ್ಟು ಸಲೀಸಾಗಿ ಮಾಡಲಾಗದು.

1997ರ ಜುಲೈ 25ರಂದು ಕೆ.ಆರ್. ನಾರಾಯಣನ್ ರಾಷ್ಟ್ರಪತಿಯಾದರು. ಮೂರು ತಿಂಗಳು ತುಂಬುವಷ್ಟರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಬೇಕೆಂಬ ಸಲಹೆ ಅವರ ಮೇಜಿಗೆ ಬಂತು. ಅಲ್ಲಿನ ಸರ್ಕಾರ ಆಗಷ್ಟೇ ಸದನದಲ್ಲಿ ವಿಶ್ವಾಸಮತ ಗೆದ್ದಿತ್ತು. ನಾರಾಯಣನ್ ಆ ಸಲಹೆಯನ್ನು ಮರುಪರಿಶೀಲನೆಗೆ ಹಿಂದಕ್ಕೆ ಕಳಿಸಿದರು. ಗುಜ್ರಾಲ್ ಅವರ ಸಂಪುಟ ಅದನ್ನು ಕೈಬಿಟ್ಟಿತು. ಅಂದು ಎಲ್ಲೆಡೆ ಮೆಚ್ಚುಗೆ.

ಜತ್ತಿಯವರು ನಿಂತಾಗ ಬೈಗುಳ, ನಾರಾಯಣನ್ ನಿಂತಾಗ ಹೊಗಳಿಕೆ. ನಡುವೆ 20 ವರ್ಷ, ಒಂದು ತಿದ್ದುಪಡಿ, ಒಂದು ತೀರ್ಪು. ಇಷ್ಟರಿಂದ ಜತ್ತಿಯವರನ್ನು ವೀರರನ್ನಾಗಿ ಮಾಡುವ ಅಗತ್ಯವಿಲ್ಲ. ಕೊನೆಗೆ ಅವರು ಸಹಿ ಹಾಕಿದರು, ಹಾಕಲೇಬೇಕಿತ್ತು. ಆ ತಡಕ್ಕೆ ಪಕ್ಷದ ಮಮತೆಯೂ ಕಾರಣವಾಗಿತ್ತೇ ಎಂದು ಹೊರಗಿನಿಂದ ಅಳೆಯುವುದು ಸಾಧ್ಯವಿಲ್ಲ. ಮನಸ್ಸನ್ನು ಬಲ್ಲವನು ದೇವರೊಬ್ಬನೇ. ಆದರೆ ಅವರು ನಿಂತ ಜಾಗದಲ್ಲಿ ಒಂದು ನಿಜವಾದ ಪ್ರಶ್ನೆಯಿತ್ತು. ಅಂದು ಅವರನ್ನು ಅಳೆದ ಬಹುಪಾಲು ಜನ ಆ ಪ್ರಶ್ನೆಯನ್ನು ನೋಡಲಿಲ್ಲ, ತಡವನ್ನಷ್ಟೇ ನೋಡಿದರು.

ರೆಹಬ್ಬಾಮನ ಮೂರು ದಿನ

ಪವಿತ್ರ ಗ್ರಂಥದಲ್ಲೂ ತಡ ಮಾಡಿದ ಹೊಸ ಅರಸನೊಬ್ಬನಿದ್ದಾನೆ. ಅರಸುಗಳ ಮೊದಲ ಗ್ರಂಥದ 12ನೆಯ ಅಧ್ಯಾಯ ತೆರೆದು ನೋಡಿ. ಸೊಲೊಮೋನನು ತೀರಿಕೊಂಡ ಮೇಲೆ ಅವನ ಮಗ ರೆಹಬ್ಬಾಮನು ಶೆಕೆಮಿಗೆ ಬರುತ್ತಾನೆ. ತಂದೆ ಹೊರಿಸಿದ ಭಾರವನ್ನು ಇಳಿಸು ಎಂದು ಜನ ಬೇಡುತ್ತಾರೆ. ಅವನು ಮೂರು ದಿನ ಸಮಯ ಕೇಳುತ್ತಾನೆ.

ಸಮಯ ಕೇಳಿದ್ದು ತಪ್ಪೇನಲ್ಲ, ಜಾಣತನವೇ. ಆ ಮೂರು ದಿನದಲ್ಲಿ ಅವನು ಏನು ಮಾಡಿದ ಎಂಬುದರಲ್ಲಿ ಎಲ್ಲ ಇದೆ. ತಂದೆಯ ಕಾಲದ ಹಿರಿಯರು, ಜನರ ಸೇವಕನಾಗು, ಮೆತ್ತಗೆ ಮಾತಾಡು ಎಂದರು. ಅವನಿಗೆ ರುಚಿಸಲಿಲ್ಲ. ಜೊತೆಗೆ ಬೆಳೆದ ಗೆಳೆಯರನ್ನು ಕೇಳಿದ. ಅವರು, ತಂದೆಗಿಂತ ಬಿಗಿಯಾಗಿರುತ್ತೇನೆಂದು ಹೆದರಿಸು ಎಂದರು. ಮೂರನೆಯ ದಿನ ಅವನು ಗಟ್ಟಿ ಮನುಷ್ಯನಂತೆ ಮಾತಾಡಿದ. ಹತ್ತು ಕುಲಗಳು ಅಂದೇ ಅವನನ್ನು ಬಿಟ್ಟು ಹೋದವು. ಮೊದಲ ವಾರದಲ್ಲಿ "ಗಟ್ಟಿ" ಎನಿಸುವುದಕ್ಕೆ ಅವನು ತೆತ್ತ ಬೆಲೆ ಅದು.

ಸಲಹೆ ಕೊಟ್ಟ ಆ ಗೆಳೆಯರೆಲ್ಲ ಅವನ ಓರಗೆಯವರು ಎಂಬುದನ್ನು ಯುವಜನರಾದ ನಾವು ಸ್ವಲ್ಪ ನಾಚಿಕೊಂಡೇ ಓದಬೇಕು.

ನಮ್ಮ ನಡುವಿನ ಅಧ್ಯಕ್ಷರು

ಗಡಹಿಂಗ್ಲಜದಲ್ಲಿರಲಿ, ಇಚಲಕರಂಜಿಯಲ್ಲಿರಲಿ, ಕೊಲ್ಹಾಪುರದಲ್ಲಿರಲಿ, ನಾವು ಯಾವುದಾದರೂ ಸಂಘಕ್ಕೆ ಸೇರಿದವರೇ. ಹೊಸ ಅಧ್ಯಕ್ಷರು ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳೋಣ.

ಮೊದಲನೆಯದು: ಈ ಕುರ್ಚಿಗೆ ಇರುವ ಅಧಿಕಾರ ಎಷ್ಟು? ಇಲ್ಲದ ಅಧಿಕಾರವನ್ನು ಬಳಸಲಿಲ್ಲ ಎಂದು ಬೈಯುವುದು ಅನ್ಯಾಯ. ಇರುವುದನ್ನು ಬಳಸದಿದ್ದರೆ ಕೇಳುವುದು ನಮ್ಮ ಕರ್ತವ್ಯ.

ಎರಡನೆಯದು: ತೀರ್ಮಾನಕ್ಕೆ ಮುಂಚೆ ಯಾರ ಮಾತು ಕೇಳಿದರು? ಗೆಳೆಯರದ್ದು ಮಾತ್ರವೇ, ಅಥವಾ ಭಾರ ಹೊರುವವರದ್ದೂ?

ಮೂರನೆಯದು: ನಮಗೆ ಬೇಡದವರು ಇದೇ ಕೆಲಸ ಮಾಡಿದ್ದರೆ ನಾವು ಏನನ್ನುತ್ತಿದ್ದೆವು? 1977 ಮತ್ತು 1980ನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಈ ಪ್ರಶ್ನೆ ಎಷ್ಟು ಬೇಕಾದದ್ದು ಎಂದು ತಿಳಿಯುತ್ತದೆ.

ಯೇಸುಸ್ವಾಮಿಯನ್ನು ಹಿಡಿಯಲು ಹಿರಿಯರು ಅವಸರಿಸಿದಾಗ ಎದ್ದು ನಿಂತವನು ನಿಕೊದೇಮ. ಒಬ್ಬನ ಮಾತು ಕೇಳದೆ, ಅವನು ಮಾಡಿದ್ದೇನೆಂದು ತಿಳಿಯದೆ ತೀರ್ಪು ಕೊಡಲು ನಮ್ಮ ಧರ್ಮಶಾಸ್ತ್ರ ಬಿಡುತ್ತದೆಯೇ ಎಂಬುದು ಅವನ ಪ್ರಶ್ನೆ. ಅವನಿಗೂ ಬೈಗುಳವೇ ಸಿಕ್ಕಿತು. ತಿಮೊಥೇಯನಿಗೆ ಬರೆದ ಮೊದಲ ಪತ್ರದಲ್ಲಿ ಸಂತ ಪೌಲರು ಅರಸರಿಗಾಗಿ, ಅಧಿಕಾರದಲ್ಲಿ ಇರುವವರೆಲ್ಲರಿಗಾಗಿ ಪ್ರಾರ್ಥಿಸಲು ಹೇಳುತ್ತಾರೆ. ನಮಗೆ ಬೇಕಾದವರಿಗೆ ಮಾತ್ರ ಎಂದು ಹೇಳುವುದಿಲ್ಲ. ಈ ಭಾನುವಾರ ಬಲಿಪೂಜೆಯ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಹೊಸದಾಗಿ ಹೊಣೆ ಹೊತ್ತ ಒಬ್ಬರ ಹೆಸರನ್ನು ಸೇರಿಸೋಣ. ಪೂಜೆ ಮುಗಿದ ಮೇಲೆ ಅವರನ್ನೇ ಕಂಡು, ಕೇಳಬೇಕಾದ ಪ್ರಶ್ನೆಯನ್ನು ನೇರವಾಗಿ ಕೇಳೋಣ.