ಕಣಜವೂ ಬೀದಿಯೂ

1908ರ ಮೇ ತಿಂಗಳು. ಪರ್ಷಿಯಾದ ನೈರುತ್ಯದ ಬೋಳುಗುಡ್ಡಗಳ ನಡುವೆ, ಮಸ್ಜಿದ್ ಸುಲೇಮಾನ್ ಎಂಬಲ್ಲಿ, ರೆನಾಲ್ಡ್ಸ್ ಎಂಬ ಇಂಜಿನಿಯರು ಖನಿಜ ತೈಲಕ್ಕಾಗಿ ಬಾವಿ ಕೊರೆಸುತ್ತಿದ್ದರು. ವಿಲಿಯಂ ನಾಕ್ಸ್ ಡಾರ್ಸಿ ಎಂಬ ಸಿರಿವಂತ 1901ರಲ್ಲಿ ಷಾ ಸರ್ಕಾರದಿಂದ ಪರವಾನಗಿ ಪಡೆದಂದಿನಿಂದ ಹಣ ನೀರಿನಂತೆ ಹರಿದಿತ್ತು. 1600 ಅಡಿಯವರೆಗೆ ನೋಡಿ, ಸಿಗದಿದ್ದರೆ ಗಂಟುಮೂಟೆ ಕಟ್ಟಿ ಎಂದು ಗ್ಲಾಸ್ಗೋದಿಂದ ಪತ್ರವೂ ಹೊರಟಿತ್ತು. ಅದು ಕೈಸೇರುವ ಮೊದಲೇ, 26ರ ನಸುಕಿನಲ್ಲಿ, 1180 ಅಡಿ ಆಳದಿಂದ ಎಣ್ಣೆ ಚಿಮ್ಮಿತು. ಕಾವಲಿಗಿದ್ದವರು ನಮ್ಮ ದೇಶದ ಕುದುರೆ ಸವಾರರು.

ಈ ಕಥೆ ಪ್ರಸಿದ್ಧವಾದದ್ದೇ. ಎಣ್ಣೆ ಬಂದ ಕಲ್ಲಿನ ಕಥೆಯನ್ನು ಕೇಳಿದವರು ಕಡಿಮೆ. ಅದು ಅಸ್ಮಾರಿ ಎಂಬ ಸುಣ್ಣಕಲ್ಲು. ಒಂದು ತುಂಡನ್ನು ಕೈಯಲ್ಲಿ ಹಿಡಿದರೆ, ಇದರೊಳಗಿನಿಂದ ಹನಿ ಎಣ್ಣೆಯಾದರೂ ಹೊರಟೀತೆ ಎಂದು ಸಂಶಯ ಬರುವಷ್ಟು ಗಟ್ಟಿ. ಆದರೂ ಬಾವಿಗಳು ಧಾರಾಳವಾಗಿ ಹರಿದವು. ಒಂದು ಬಾವಿಯಲ್ಲಿ ಎಣ್ಣೆ ತೆಗೆದರೆ ಮೈಲಿಗಳಾಚೆಯ ಬಾವಿಯಲ್ಲಿ ಒತ್ತಡ ಇಳಿಯುತ್ತಿತ್ತು!

ಇಂಥ ಹರಿವಿಗೆ ಲೆಕ್ಕವೊಂದು ಮೊದಲೇ ಇತ್ತು. ಅದನ್ನು ಕೊಟ್ಟವನೂ ಡಾರ್ಸಿಯೇ, ಆದರೆ ಬೇರೆಯವನು: ಫ್ರಾನ್ಸಿನ ದಿಜೋನ್ ನಗರಕ್ಕೆ ಕುಡಿಯುವ ನೀರು ತಂದ ಹೆನ್ರಿ ಡಾರ್ಸಿ. ಮರಳು ತುಂಬಿದ ಕೊಳವೆಯಲ್ಲಿ ನೀರು ಇಳಿಸಿ ನೋಡಿ, ಹರಿವು ಒತ್ತಡದ ಅಂತರಕ್ಕೆ ತಕ್ಕಂತೆ ಏರಿ, ಮರಳಿನ ಉದ್ದಕ್ಕೆ ತಕ್ಕಂತೆ ಇಳಿಯುತ್ತದೆಂದು 1856ರಲ್ಲಿ ಆತ ಪ್ರಕಟಿಸಿದ. ಮರಳಿಗೆ ಅದು ಸೊಗಸಾಗಿ ಒಪ್ಪುತ್ತದೆ. ಅಲ್ಲಿ ದ್ರವ ತಂಗುವುದೂ ಚಲಿಸುವುದೂ ಅದೇ ಸಂದುಗಳಲ್ಲಿ. ಪರ್ವತಗಳು ಮಡಚಿ ಏಳುವಾಗ ಬಿರಿದ ಸುಣ್ಣಕಲ್ಲಿನ ಸಂಸಾರ ಹಾಗಲ್ಲ. ಊರಿನ ಧಾನ್ಯವೆಲ್ಲ ಮನೆಮನೆಯ ಕಣಜದಲ್ಲಿರುತ್ತದೆ, ಗಾಡಿ ಓಡುವುದು ಮಾತ್ರ ಬೀದಿಯಲ್ಲಿ. ಹಾಗೆಯೇ ಎಣ್ಣೆಯ ಬಹುಪಾಲು ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ, ಓಟವೆಲ್ಲ ಬಿರುಕುಗಳಲ್ಲಿ.

1960ರಲ್ಲಿ ರಷ್ಯದ ಬಾರೆನ್‌ಬ್ಲಾಟ್, ಝೆಲ್ಟೋವ್, ಕೊಚಿನಾ ಎಂಬ ಮೂವರು ಇದನ್ನು ಗಣಿತಕ್ಕೆ ಇಳಿಸಿದರು. ಬಂಡೆಯ ಪ್ರತಿಯೊಂದು ಬಿಂದುವಿಗೂ ಅವರು ಎರಡು ಒತ್ತಡಗಳನ್ನು ಇಟ್ಟರು: ಬಿರುಕಿನದೊಂದು, ಕಲ್ಲಿನದೊಂದು. ಎರಡರ ಅಂತರವಿರುವಷ್ಟು ಕಲ್ಲು ಬಿರುಕಿಗೆ ದ್ರವ ಬಿಟ್ಟುಕೊಡುತ್ತದೆ. ಒಂದೇ ಜಾಗದಲ್ಲಿ ಎರಡು ಒತ್ತಡವೆಂದರೆ ಕೇಳಲು ವಿಚಿತ್ರ. ನನಗಂತೂ ಇದು ಧೈರ್ಯದ ಕಲ್ಪನೆಯಾಗಿಯೇ ಕಾಣುತ್ತದೆ. ಮೂರು ವರ್ಷದ ತರುವಾಯ ಅಮೆರಿಕದ ವಾರೆನ್ ಮತ್ತು ರೂಟ್ ಬಂಡೆಯನ್ನು ಸಕ್ಕರೆಯ ಅಚ್ಚುಗಳ ರಾಶಿಯಂತೆ ಚಿತ್ರಿಸಿ, ಬಾವಿಯ ಒತ್ತಡದ ಏರಿಳಿತದಿಂದ ಎರಡು ಸಂಖ್ಯೆ ಪಡೆಯುವ ಬಗೆ ತೋರಿಸಿದರು. ಬಿರುಕುಗಳ ಪಾಲು ಎಷ್ಟೆಂಬುದು ಒಂದು. ಕಲ್ಲು ಎಷ್ಟು ಸಲೀಸಾಗಿ ಕೊಡುತ್ತದೆಂಬುದು ಇನ್ನೊಂದು.

ಇದು ಬರಿಯ ಪಂಡಿತರ ವಿನೋದವಲ್ಲ. ಮೊದಲ ದಿನಗಳ ರಭಸ ನೋಡಿ ಕಣಜ ಅಳೆದವನು ಮೋಸಹೋಗುತ್ತಾನೆ. ಅವಸರದಿಂದ ಎಣ್ಣೆ ಎಳೆದರೆ, ಕೆಳಗಿನ ನೀರು ಬಿರುಕು ಹಿಡಿದು ಬಾವಿಗೆ ನುಗ್ಗುತ್ತದೆ. ಎಣ್ಣೆ ಕಲ್ಲಿನಲ್ಲೇ ಉಳಿಯುತ್ತದೆ. ನೀರಿಗೆ ಒಲಿಯುವ ಕಲ್ಲಾದರೆ ದೀಪದ ಬತ್ತಿಯಂತೆ ನೀರನ್ನು ಹೀರಿ ಎಣ್ಣೆಯನ್ನು ಹೊರಗೆ ತಳ್ಳೀತು. ಆದರೆ ಸುಣ್ಣಕಲ್ಲು ಎಷ್ಟೋ ಕಡೆ ಎಣ್ಣೆಗೇ ಅಂಟಿಕೊಳ್ಳುವ ಜಾತಿ.

ಭೂಗರ್ಭದಲ್ಲಿ ಸಕ್ಕರೆ ಅಚ್ಚುಗಳಿಲ್ಲವೆಂದು ಎಲ್ಲರೂ ಬಲ್ಲರು. ಇಂದು ಬಾವಿಯ ಗೋಡೆಯ ಚಿತ್ರ ತೆಗೆದು ಬಿರುಕುಗಳನ್ನು ಒಂದೊಂದಾಗಿ ಗುರುತಿಸುತ್ತಾರೆ. ಆದರೂ ಇಡೀ ತೈಲಕ್ಷೇತ್ರದ ಲೆಕ್ಕ ಹಾಕುವಾಗ ಗಣಕಯಂತ್ರಕ್ಕೆ ಅನೇಕ ಸಲ ಊಡಿಸುವುದು ಆ ಎರಡು ಒತ್ತಡಗಳ ಸಮೀಕರಣವನ್ನೇ.