ಟೂ... ಟೀಂ!

ಸ್ವಿಚ್ ಹಾಕಿದ ಕೂಡಲೇ ಒಂದು ದಪ್ಪ ದನಿ, 'ಟೂ' ಅಂತ. ಅದರ ಬೆನ್ನಿಗೇ ಒಂದು ಚೂಪು ದನಿ, 'ಟೀಂ'. ಎಂಬತ್ತರ ದಶಕದಲ್ಲಿ ನಮ್ಮ ದೇಶದ ಯಾವುದಾದರೂ ಹೈಸ್ಕೂಲಿನಲ್ಲಿ 'ಕಂಪ್ಯೂಟರ್ ರೂಮು' ಅಂತ ಒಂದಿದ್ದು, ಚಪ್ಪಲಿ ಹೊರಗೆ ಬಿಟ್ಟು ಅದರೊಳಗೆ ಹೋದವರು ನೀವಾಗಿದ್ದರೆ ಈ ಶಬ್ದ ನಿಮಗೆ ನೆನಪಿರಲೇಬೇಕು. ಬಿಬಿಸಿ ಮೈಕ್ರೋ ಎದ್ದೇಳುವ ಶಬ್ದ ಅದು.

ನಾನು ಆ ಭಾಗ್ಯವಂತರಲ್ಲಿ ಒಬ್ಬನಲ್ಲ. ನಮ್ಮ ಸೋದರಮಾವ ಭದ್ರಾವತಿಯಲ್ಲಿ ಗಣಿತದ ಮೇಷ್ಟ್ರು. ಅವರ ಶಾಲೆಗೆ ಆ ಕಂಪ್ಯೂಟರ್ ಬಂದಿತ್ತು. ರಜೆಯಲ್ಲಿ ಶಿವಮೊಗ್ಗದಿಂದ (ಆಗ ಎಲ್ಲರ ಬಾಯಲ್ಲೂ ಶಿವಮೊಗ್ಗ, ಬೋರ್ಡುಗಳಲ್ಲಿ ಮಾತ್ರ ಶಿಮೊಗ. ಅಧಿಕೃತವಾಗಿ ಬದಲಾಗಿದ್ದು 2014ರ ನವೆಂಬರ್ 1ಕ್ಕೆ) ಬಸ್ಸು ಹತ್ತಿ ನ್ಯೂಟೌನಿನ ಅವರ ಮನೆಗೆ ಹೋದಾಗ ಒಂದೆರಡು ಸಲ ಕಿಟಕಿಯಿಂದ ನೋಡಿದ್ದೆ, ಅಷ್ಟೆ. ಮಾವ ತೀರಿಕೊಂಡ ಮೇಲೆ ಅತ್ತೆ ನನಗೆ ಕೊಟ್ಟ ಪುಸ್ತಕದ ಪೆಟ್ಟಿಗೆಯಲ್ಲಿ ಒಂದು ಕ್ಯಾಸೆಟ್ ಸಿಕ್ಕಿತು. ಮೇಲೆ ನೀಲಿ ಇಂಕಿನಲ್ಲಿ 'ಅಕ್ಷರ, 1987' ಅಂತ ಬರೆದಿತ್ತು. ಕೆಳಗೆ ಸಣ್ಣದಾಗಿ 3584 ಅನ್ನುವ ಒಂದು ಸಂಖ್ಯೆ. ಟೇಪ್ ರೆಕಾರ್ಡರಿಗೆ ಹಾಕಿದರೆ ಹಾಡಿಲ್ಲ, ಮಾತಿಲ್ಲ, ಬರೀ ಕಿರ್ರ್ ಅನ್ನುವ ಕರ್ಕಶ ಸದ್ದು. ಪ್ರೋಗ್ರಾಮು!

ಅದನ್ನು ಓದುವ ಯಂತ್ರ ಎಲ್ಲಿಂದ ತರೋಣ? ಭದ್ರಾವತಿಯ ಗುಜರಿ ಅಂಗಡಿಯಿಂದ. ಪೇಪರ್ ಮಿಲ್ಲು 2015ರಲ್ಲಿ ನಿಂತ ಮೇಲೆ ಊರು ಖಾಲಿ ಮಾಡಿದವರ ಸಾಮಾನೆಲ್ಲ ಅಲ್ಲಿ ಬಂದು ಬಿದ್ದಿತ್ತು. ಅದರ ನಡುವೆ ಕಪ್ಪು ಕೀಲಿಗಳ, ಮೇಲಂಚಿನಲ್ಲಿ ಕೆಂಪು ಕೀಲಿಗಳ ಸಾಲಿನ ಒಂದು ಕೆನೆಬಣ್ಣದ ಡಬ್ಬ. 'ಟೈಪ್ ರೈಟರ್ ಸಾರ್, ಪೇಪರ್ ಹಾಕೋ ಜಾಗ ಮುರಿದೋಗಿದೆ' ಅಂದ ಅಂಗಡಿಯವನು. ನಾನು ತಿದ್ದಲಿಲ್ಲ, ಟೈಪ್ ರೈಟರ್ ಬೆಲೆಗೇ ಸಿಗುತ್ತಲ್ಲ :-)

ಈಗ ಸ್ವಲ್ಪ ಚರಿತ್ರೆ. ಬ್ರಿಟನ್ನಿನ ಬಿಬಿಸಿ ತನ್ನ ಜನಕ್ಕೆ ಕಂಪ್ಯೂಟರ್ ಸಾಕ್ಷರತೆ ಕಲಿಸಬೇಕು ಅಂತ ಟೀವಿ ಕಾರ್ಯಕ್ರಮ ಮಾಡಲು ಹೊರಟಾಗ, ಅದಕ್ಕೆ ಜೊತೆಯಾಗಿ ಒಂದು ಯಂತ್ರವೂ ಬೇಕಾಯಿತು. ಕೇಂಬ್ರಿಜ್‌ನ ಅಕಾರ್ನ್ ಎಂಬ ಸಣ್ಣ ಕಂಪನಿ ಅದನ್ನು ಮಾಡಿಕೊಟ್ಟಿತು. 1981ರ ಡಿಸೆಂಬರಿನಲ್ಲಿ ಹೊರಬಂತು. ಎರಡು ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್, 32 ಕಿಲೋಬೈಟ್ ಮೆಮೊರಿ. ಕಿಲೋಬೈಟ್, ಮೆಗಾ ಅಲ್ಲ. ಅದರ ಹಿಂದಿದ್ದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಮುಂದೆ 1985ರ ಹೊತ್ತಿಗೆ ಎಆರ್‌ಎಂ ಪ್ರೊಸೆಸರ್ ಮಾಡಿದರು. ನಿಮ್ಮ ಜೇಬಿನ ಮೊಬೈಲಿನಲ್ಲಿ ಇರುವುದು ಅದರ ವಂಶದ್ದೇ.

ನಮ್ಮಲ್ಲಿ ಶಿಕ್ಷಣ ಸಚಿವಾಲಯವೂ ಎಲೆಕ್ಟ್ರಾನಿಕ್ಸ್ ಇಲಾಖೆಯೂ ಸೇರಿ 1984ರಲ್ಲಿ 'ಕ್ಲಾಸ್' ಅನ್ನುವ ಯೋಜನೆ ಶುರು ಮಾಡಿದವು. ಶಾಲೆಗಳಲ್ಲಿ ಕಂಪ್ಯೂಟರ್ ಸಾಕ್ಷರತೆ ಮತ್ತು ಅಧ್ಯಯನ ಅಂತ ಅದರ ಅರ್ಥ. ಮೊದಲ ಹಂತದಲ್ಲಿ ಸುಮಾರು 250 ಶಾಲೆಗಳು. ಆರಿಸಿಕೊಂಡದ್ದು ಇದೇ ಬಿಬಿಸಿ ಯಂತ್ರವನ್ನು. ಚಂಡೀಗಢದ ಪಕ್ಕದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ 'ಯೂನಿಕಾರ್ನ್' ಅನ್ನುವ ಹೆಸರಿನಲ್ಲಿ ಇದನ್ನು ನಮ್ಮ ದೇಶದಲ್ಲೇ ತಯಾರಿಸಿತು. (ಆ ಕಾರ್ಖಾನೆಗೆ 1989ರಲ್ಲಿ ದೊಡ್ಡ ಬೆಂಕಿ ಬಿತ್ತು. ಅದು ಬೇರೆಯದೇ ಒಂದು ದುಃಖದ ಕಥೆ, ಇನ್ನೊಮ್ಮೆ ಬರೆಯಬೇಕು.) ಮೇಷ್ಟ್ರುಗಳಿಗೆ ಎಂಜಿನಿಯರಿಂಗ್ ಕಾಲೇಜುಗಳಂಥ ಕಡೆ ಕೆಲವು ದಿನದ ತರಬೇತಿ ಕೊಟ್ಟು ಕಳಿಸುತ್ತಿದ್ದರು.

ಇರಲಿ, ನಮ್ಮ ಡಬ್ಬಕ್ಕೆ ಬರೋಣ. ಹಳೆಯ ಯಂತ್ರಕ್ಕೆ ನೇರ ಕರೆಂಟು ಕೊಡಬಾರದು ಅನ್ನುವಷ್ಟು ಬುದ್ಧಿ ನನಗಿತ್ತು. ಪವರ್ ಸಪ್ಲೈ ಒಳಗಿನ ಕಾಗದದ ಕೆಪಾಸಿಟರುಗಳ ಮೈ ಹಳತಾದಂತೆ ಬಿರುಕು ಬಿಡುತ್ತದೆ. ಬಿರುಕಿನಲ್ಲಿ ತೇವ ಸೇರುತ್ತದೆ. ಒಂದು ದಿನ ಕೋಣೆ ತುಂಬ ನಾರುವ ಹೊಗೆ. ಅವನ್ನು ಬದಲಿಸಿ, ಐದು ವೋಲ್ಟ್ ಸರಿಯಾಗಿ ಬರುತ್ತದೆಯೇ ಅಂತ ಮೀಟರಿನಲ್ಲಿ ನೋಡಿ, ಆಮೇಲೆ ಸ್ವಿಚ್ ಹಾಕಿದೆ. ಟೂ... ಟೀಂ! ಪರದೆಯ ಮೇಲೆ 'ಬಿಬಿಸಿ ಕಂಪ್ಯೂಟರ್ 32ಕೆ', ಕೆಳಗೆ 'ಬೇಸಿಕ್', ಅದರ ಕೆಳಗೆ ಮಿನುಗುವ ಕರ್ಸರ್.

ಅಲ್ಲಿಗೇ ನಿಲ್ಲಿಸಿ ಕ್ಯಾಸೆಟ್ ಹಾಕಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ನಾವು ಅಸೆಂಬಲ್ಡ್ ಪಿಸಿ ಕಾಲದವರು, ಅಪ್‌ಗ್ರೇಡ್ ಮಾಡದೆ ಕೈ ಸುಮ್ಮನಿರುವುದಿಲ್ಲ. ಮಾವನ ಕ್ಯಾಸೆಟ್ಟನ್ನು ಒಂದು ಸಲ ಓದಿಸಿ ಶಾಶ್ವತವಾಗಿ ಉಳಿಸಿಕೊಳ್ಳೋಣ ಅಂತ ಡಿಸ್ಕ್ ಇಂಟರ್‌ಫೇಸ್ ಹಾಕಲು ಹೊರಟೆ. ಅದರ ಚಿಪ್ಪು, ಅದರ ಸಾಫ್ಟ್‌ವೇರ್ ಇರುವ ರಾಮ್, ಅಲ್ಲ ರೋಮ್ (ಈ ಎರಡರ ಗಲಿಬಿಲಿ ನನಗೆ ಇನ್ನೂ ಹೋಗಿಲ್ಲ), ಫ್ಲಾಪಿಯ ಬದಲು ಪೆನ್ ಡ್ರೈವ್ ಹಾಕುವ ಒಂದು ಡಬ್ಬಿ. ಇರಲಿ ಅಂತ ಒಂದು ವರ್ಡ್ ಪ್ರೊಸೆಸರ್ ರೋಮ್ ಕೂಡ ತರಿಸಿದೆ. ಎಲ್ಲವನ್ನೂ ಒಂದೇ ಭಾನುವಾರ ಕೂರಿಸಿ ಸ್ವಿಚ್ ಹಾಕಿದೆ.

ಟೂೂೂೂೂೂ...

'ಟೀಂ' ಬರಲೇ ಇಲ್ಲ. ದಪ್ಪ ದನಿ ನಿಲ್ಲದೆ ಕೂಗುತ್ತಲೇ ಇತ್ತು. ಆರಿಸಿ ಮತ್ತೆ ಹಾಕಿದರೂ ಅದೇ.

ಈ ಎರಡು ದನಿಗಳ ಅರ್ಥ ಗೊತ್ತಾದದ್ದು ಆಗಲೇ. ಕರೆಂಟು ಬಂದ ಕೂಡಲೇ ಧ್ವನಿಯ ಚಿಪ್ಪು ತನ್ನಷ್ಟಕ್ಕೆ ಕೂಗಲು ಶುರು ಮಾಡುತ್ತದೆ, ಅದಕ್ಕೆ ಯಾರೂ ಹೇಳಬೇಕಿಲ್ಲ. ಪ್ರೊಸೆಸರ್ ಎದ್ದು, ರೋಮಿನಲ್ಲಿರುವ ಆಪರೇಟಿಂಗ್ ಸಿಸ್ಟಮ್ ಓದಿಕೊಂಡು ಅದನ್ನು ಸುಮ್ಮನಿರಿಸಬೇಕು. ಆಮೇಲೆ 'ನಾನು ಬಂದೆ' ಅಂತ ತಾನು ಹಾಕುವ ದನಿ ಆ ಟೀಂ. ಅಂದರೆ ಟೂ ಅನ್ನುವುದು ಮನೆಯಲ್ಲಿ ಅಳುತ್ತಿರುವ ಕೂಸು, ಟೀಂ ಅನ್ನುವುದು ಅಡಿಗೆಮನೆಯಿಂದ ಓಡಿ ಬಂದ ಅಮ್ಮ. ಕೂಸು ಅಳುತ್ತಲೇ ಇದೆ ಅಂದರೆ ಅಮ್ಮನಿಗೆ ಏನೋ ಆಗಿದೆ.

ಏನಾಗಿತ್ತು ಅಂದರೆ, ಹೊಸ ಚಿಪ್ಪಿಗೆ ಜಾಗ ಮಾಡುವ ಭರದಲ್ಲಿ ನಾನು ಹಳೆಯವನ್ನೂ ಕಿತ್ತು ಕೂರಿಸಿದ್ದೆ. ಆಪರೇಟಿಂಗ್ ಸಿಸ್ಟಮ್ ರೋಮಿನ ಒಂದು ಕಾಲು ಸಾಕೆಟ್ಟಿನೊಳಗೆ ಇಳಿಯದೆ ಹೊಟ್ಟೆಯ ಕೆಳಗೆ ಮಡಚಿಕೊಂಡಿತ್ತು. ಮೇಲಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ, ಟಾರ್ಚ್ ಹಾಕಿ ಪಕ್ಕದಿಂದ ನೋಡಬೇಕು. ಚಿಮಟಿಗೆಯಲ್ಲಿ ಮೆಲ್ಲಗೆ ನೇರ ಮಾಡಿದೆ. ಮಲೆನಾಡಿನ ಮಳೆಗಾಲಗಳನ್ನು ಕಂಡ ಕಾಲುಗಳು, ಕಪ್ಪು ಹಿಡಿದಿದ್ದವು. ಅವಕ್ಕೆ ನಮ್ಮ ಹಳೇ ಮದ್ದು, ಪೆನ್ಸಿಲ್ ರಬ್ಬರ್. ಪಿಸಿ ಕಾಲದಲ್ಲಿ ರ‍್ಯಾಮ್ ಉಜ್ಜಿ ಹಾಕಿದವರಿಗೆ ಹೇಳಬೇಕಾಗಿಲ್ಲ.

ಟೂ... ಟೀಂ! ಆದರೆ ಪರದೆಯ ಮೇಲೆ 'ಬೇಸಿಕ್' ಇಲ್ಲ. 'ಲ್ಯಾಂಗ್ವೇಜ್?' ಅಂತ ಒಂದೇ ಪದ, ಪ್ರಶ್ನಾರ್ಥಕ ಚಿಹ್ನೆಯೊಂದಿಗೆ. ಯಾವ ಭಾಷೆ ಮಾರಾಯಾ, ಕನ್ನಡ ಅಂದರೆ ಕೇಳುತ್ತೀಯಾ ಅಂದೆ. ಅದು ಕೇಳುತ್ತಿದ್ದದ್ದು, ಬೇಸಿಕ್ ಆಗಲಿ ಇನ್ನೊಂದಾಗಲಿ ನನಗೆ ಒಂದೂ ಭಾಷೆ ಸಿಗುತ್ತಿಲ್ಲವಲ್ಲ ಅಂತ. ಬೇಸಿಕ್ ರೋಮ್ ಸರಿಯಾಗಿ ಕೂತಿರಲಿಲ್ಲ, ವರ್ಡ್ ಪ್ರೊಸೆಸರಿನದೂ ಅದೇ ಗತಿ. ಎರಡನ್ನೂ ಒತ್ತಿ ಕೂರಿಸಿದೆ. ಈಗ ಎದ್ದಿತು, ಆದರೆ ಬೇಸಿಕ್ ಆಗಿ ಅಲ್ಲ, ವರ್ಡ್ ಪ್ರೊಸೆಸರ್ ಆಗಿ!

ಇದು ಕೆಟ್ಟದ್ದಲ್ಲ, ಪಂಕ್ತಿಯ ಕ್ರಮ. ಆ ಯಂತ್ರದಲ್ಲಿ ರೋಮುಗಳಿಗೆ ಒಂದು ಸಾಲು ಸಾಕೆಟ್ಟುಗಳಿವೆ. ಎಲ್ಲಕ್ಕಿಂತ ಬಲಗಡೆ ಕೂತ ಭಾಷೆಗೆ ಮೊದಲ ಮರ್ಯಾದೆ. ನಾನು ಹೊಸ ರೋಮನ್ನು ಬಲತುದಿಗೆ ಹಾಕಿದ್ದರಿಂದ ಅದೇ ಯಜಮಾನ. ಜಾಗ ಅದಲು ಬದಲು ಮಾಡಿದೆ, ಬೇಸಿಕ್ ಬಂತು, ಡಿಸ್ಕಿನ ಹೆಸರೂ ಬಂತು. ಗೆದ್ದೆ ಅಂದುಕೊಂಡೆ.

ಕ್ಯಾಸೆಟ್ಟಿನ ಸದ್ದನ್ನು ಮೊದಲು ಮೊಬೈಲಿನಲ್ಲಿ ನಕಲು ಮಾಡಿಟ್ಟುಕೊಂಡು (ಹಳೆ ಟೇಪು ಒಂದೇ ಸಲ ಓಡಿ ತುಂಡಾದರೆ?), ಆಮೇಲೆ ರೆಕಾರ್ಡರ್ ಜೋಡಿಸಿದೆ. ಒಂದೊಂದಾಗಿ ತುಣುಕುಗಳು ಬಂದವು. ಸುಮಾರು ಏಳು ಸಾವಿರ ಬೈಟು, ಒಂದು ನಿಮಿಷದ ಮೇಲೆ ಹಿಡಿಯಿತು. ಒಂದೂ ತಪ್ಪಿಲ್ಲ! ರನ್ ಅಂತ ಒತ್ತಿದೆ.

'ಬ್ಯಾಡ್ ಮೋಡ್.'

ಟೇಪು ಹಾಳಾಗಿದೆ ಅಂದುಕೊಂಡೆ. ಎರಡು ವಾರ ಆ ಕಡೆ ತಲೆ ಹಾಕಲಿಲ್ಲ. ಆಮೇಲೆ ಒಂದು ರಾತ್ರಿ ಪ್ರೋಗ್ರಾಮಿನ ಸಾಲುಗಳನ್ನು ತೆರೆದು ಓದುತ್ತಾ ಕೂತೆ. ಮೊದಲ ಸಾಲೇ ಮೋಡ್ 1, ಅಂದರೆ ನಾಲ್ಕು ಬಣ್ಣದ ಚಿತ್ರಪರದೆ. ಅದರ ನಂತರ ಸಾಲು ಸಾಲಾಗಿ ಅಂಕಿಗಳು. ಈ ಯಂತ್ರದಲ್ಲಿ ಹೊಸ ಅಕ್ಷರ ಬೇಕೆಂದರೆ ಎಂಟು ಗೆರೆ, ಗೆರೆಗೆ ಎಂಟು ಚುಕ್ಕಿ, ಅಷ್ಟರ ಚೌಕದಲ್ಲಿ ಎಂಟು ಅಂಕಿಗಳಾಗಿ ಬರೆದುಕೊಡಬೇಕು. ನಮ್ಮ ಅಕ್ಷರಗಳು ಆ ಚೌಕದಲ್ಲಿ ಎಲ್ಲಿ ಹಿಡಿಸುತ್ತವೆ? ಮಾವ ಅಕ್ಷರಕ್ಕೆ ಎರಡು ಚೌಕ ಕೊಟ್ಟಿದ್ದರು, ಹದಿನಾರು ಅಂಕಿ. ಹಾಗೆ ಮಾಡಿಕೊಳ್ಳಲು ಯಂತ್ರ ಸುಲಭವಾಗಿ ಕೊಡುವುದು ಮೂವತ್ತೆರಡೇ ಚೌಕ, ಅಂದರೆ ಹದಿನಾರೇ ಅಕ್ಷರ. ಅದಕ್ಕೂ ಉಪಾಯ: ಒಂದು ಅಕ್ಷರ ಪರದೆಯ ಮೇಲೆ ಮೂಡಿದ ಮೇಲೆ ಅದೇ ಚೌಕಗಳಿಗೆ ಮುಂದಿನ ಅಕ್ಷರ ತುಂಬುವುದು. ಚಿತ್ರಪರದೆಯಲ್ಲಿ ಮೂಡಿದ್ದು ಅಳಿಯುವುದಿಲ್ಲವಲ್ಲ! ಬರಹ, ನುಡಿ ಏನೂ ಇಲ್ಲದ 1987ರಲ್ಲಿ ನ್ಯೂಟೌನಿನ ಒಬ್ಬ ಗಣಿತದ ಮೇಷ್ಟ್ರು ಚೌಕಳಿ ಹಾಳೆ ಇಟ್ಟುಕೊಂಡು ಮಾಡಿದ ಕೆಲಸ ಇದು.

ಅಂಥವರು ಓಡದ ಪ್ರೋಗ್ರಾಮನ್ನು ಲೇಬಲ್ ಅಂಟಿಸಿ ಎತ್ತಿಡುತ್ತಾರೆಯೇ? ಪ್ರೋಗ್ರಾಮು ಮೆಮೊರಿಯಲ್ಲಿ ಎಲ್ಲಿಂದ ಶುರುವಾಗುತ್ತದೆ ನೋಡೋಣ ಅಂತ 'ಪ್ರಿಂಟ್ ಪೇಜ್' ಕೊಟ್ಟೆ. 6400 ಅಂತ ಬಂತು.

ಮೋಡ್ 1ರಲ್ಲಿ ಪರದೆಯ ಪಾಲಿನ 20 ಕಿಲೋಬೈಟ್ ಶುರುವಾಗುವುದು 12288ರಿಂದ. ಕಳೆದರೆ ಉಳಿಯುವುದು 5888 ಬೈಟು. ಏಳು ಸಾವಿರದ ಪ್ರೋಗ್ರಾಮು ಹಿಡಿಸುವುದಾದರೂ ಹೇಗೆ? ಆದರೆ ಡಿಸ್ಕ್ ಇಲ್ಲದ ಯಂತ್ರದಲ್ಲಿ ಈ ಪೇಜ್ ಎಷ್ಟಿರುತ್ತದೆ ಗೊತ್ತೇ? 3584. ಲೇಬಲ್ಲಿನ ಮೇಲಿನ ಅದೇ ಸಂಖ್ಯೆ! ಡಿಸ್ಕ್ ಬಂದ ಕೂಡಲೇ ತನ್ನ ಲೆಕ್ಕಪತ್ರಕ್ಕೆ ಅಂತ 2816 ಬೈಟು ತೆಗೆದುಕೊಂಡುಬಿಡುತ್ತದೆ. ನಾನು ಯಂತ್ರವನ್ನು ಉತ್ತಮಪಡಿಸಿ ಮಾವನ ಅಕ್ಷರಗಳ ಜಾಗವನ್ನೇ ಕಿತ್ತುಕೊಂಡಿದ್ದೆ.

ಅಂದ ಹಾಗೆ, ಆ ಸಂಖ್ಯೆಯನ್ನು ಅವರು ಯಾಕೆ ಬರೆದಿಟ್ಟರು? ಡಿಸ್ಕ್ ಇಲ್ಲದಿದ್ದರೆ ಬರೆಯುವ ಅಗತ್ಯವೇ ಇರಲಿಲ್ಲ. ಅಂದರೆ ಅವರ ಶಾಲೆಗೂ ಡಿಸ್ಕ್ ಡ್ರೈವ್ ಬಂದಿರಬೇಕು, ಅವರೂ ಇದೇ ಗೋಡೆಗೆ ತಲೆ ಚಚ್ಚಿಕೊಂಡಿರಬೇಕು. ಅತ್ತೆಗೆ ಫೋನ್ ಮಾಡಿ ಕೇಳಿದೆ. 'ಡಿಸ್ಕೋ ಗಿಸ್ಕೋ ನಂಗೊತ್ತಿಲ್ಲ ಕಣೋ. ಹೊಸದೊಂದು ಪೆಟ್ಟಿಗೆ ಬಂತು ಅಂತ ಒಂದು ವಾರ ಮನೆಗೆ ರಾತ್ರಿ ಎಂಟಾದ್ರೂ ಬರ್ತಿರ್ಲಿಲ್ಲ. ಹೆಡ್‌ಮಾಸ್ಟರು ಕೆಟ್ಟೋಗಿದೆ, ಬೀರುಗೆ ಹಾಕಿ ಬೀಗ ಹಾಕ್ರಿ ಅಂದ್ರಂತೆ. ಇವ್ರು ಕೆಟ್ಟಿಲ್ಲ ಸಾರ್ ಅಂತ ಜಗಳ ಆಡಿ ಬಂದಿದ್ರು' ಅಂದರು.

ದೇಶದಲ್ಲಿ ಅಂಥ ಎಷ್ಟು ಯಂತ್ರಗಳು ಕೆಡದೆಯೇ ಬೀರು ಸೇರಿದವೋ ಅಂತ ಆ ಮಾತಿನ ನಂತರ ನನಗೆ ಅನ್ನಿಸುತ್ತಲೇ ಇದೆ. ಸರ್ಕಾರ ಯಂತ್ರ ಕೊಟ್ಟಿತು, ತರಬೇತಿಯನ್ನೂ ಕೊಟ್ಟಿತು. ಆದರೆ 'ಬ್ಯಾಡ್' ಅಂತ ಪರದೆಯ ಮೇಲೆ ಬಂದಾಗ ಅದು ಹಾಳಾಗಿದೆ ಅಂತಲೋ ಜಾಗ ಸಾಲದು ಅಂತಲೋ ಬಿಡಿಸಿ ಹೇಳಲು ಪ್ರತಿ ಶಾಲೆಯಲ್ಲೂ ಜಗಳಗಂಟ ಮೇಷ್ಟ್ರು ಇರಬೇಕಲ್ಲ.

ಮುಂದಿನ ಭಾನುವಾರ ಅತ್ತೆಯನ್ನು ಮನೆಗೇ ಕರೆದುಕೊಂಡು ಬಂದೆ. 'ಸ್ಟಾರ್ ಟೇಪ್' ಕೊಟ್ಟು ಡಿಸ್ಕನ್ನು ಪಕ್ಕಕ್ಕೆ ಸರಿಸಿದೆ. ಪೇಜ್ ಅನ್ನು 3584 ಮಾಡಿದೆ. 'ನ್ಯೂ' ಒತ್ತಿ ಟೇಪನ್ನು ಮೊದಲಿನಿಂದ ಓಡಿಸಿದೆ. ರನ್.

ಕೆಂಪು ಪರದೆಯ ಮೇಲೆ ಹಳದಿಯಲ್ಲಿ ಅ ಬಂತು. ಆ, ಇ, ಈ... ಒಂದೊಂದಕ್ಕೂ ಅರೆಕ್ಷಣ ತಡೆದು. ಳ ಮುಗಿದ ಮೇಲೆ ಪರದೆ ಖಾಲಿಯಾಗಿ ನಡುವೆ ದೊಡ್ಡದಾಗಿ 'ಭದ್ರಾವತಿ' ಅಂತ ಮೂಡಿತು. ದಕಾರದ ಕೆಳಗಿನ ರ ಒತ್ತು ಮಾತ್ರ ಒಂದು ಚೌಕದಷ್ಟು ಬಲಕ್ಕೆ ಜಾರಿ, ವ ಅಕ್ಷರದ ಕೆಳಗೆ ಕೂತಿತ್ತು. ಯಾವುದೋ ಬೈಟು ಟೇಪಿನಲ್ಲಿ ಕೆಟ್ಟಿರಬೇಕು ಅಂದೆ.

ಅತ್ತೆ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದು ನೋಡಿದರು. 'ಇಲ್ಲಪ್ಪ, ಸರಿಯಾಗೇ ಇದೆ. ಅವ್ರು ಬೋರ್ಡ್ ಮೇಲೂ ಒತ್ತು ಹೀಗೇ ದೂರ ಬರೀತಿದ್ರು.'