ಆಲ್ಬಮ್ ಇಲ್ಲದ ವರ್ಷಗಳು

2005ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ ಅವರ ‘ಕನ್ನಡವೇ ಸತ್ಯ’ ನಡೆಯಿತು. ಕನ್ನಡದ ಹಾಡು ಕೇಳಲು ಮೈದಾನ ತುಂಬಿ ಜನ ಸೇರಿದ್ದರು. 2007ರ ಮಾರ್ಚ್‌ನಲ್ಲಿ ಅದೇ ಮೈದಾನಕ್ಕೆ ಇಂಗ್ಲೆಂಡಿನ ಐರನ್ ಮೇಡನ್ ತಂಡ ಬಂತು. ಆಗಲೂ ಮೈದಾನ ತುಂಬಿತು. ಶರೀಫರ ಪದಕ್ಕೆ ಕಿವಿಗೊಡುವವರಿದ್ದರು, ರಾಕ್ ಸಂಗೀತಕ್ಕೆ ಕುಣಿಯುವವರೂ ಇದ್ದರು. ಎರಡನ್ನೂ ಒಂದೇ ವೇದಿಕೆಯಲ್ಲಿ ಹಾಡುತ್ತೇವೆ ಎಂದವರಿಗೆ ಮಾತ್ರ ಆಲ್ಬಮ್ ಮಾಡಿಕೊಡುವ ಒಂದು ಕಂಪನಿಯೂ ಸಿಕ್ಕಿರಲಿಲ್ಲ. ರಘು ದೀಕ್ಷಿತ್ ಮತ್ತು ‘ಅಂತರಾಗ್ನಿ’ಯ ಆರಂಭದ ದಿನಗಳು ಈ ಎರಡು ಜನಸಾಗರಗಳ ನಡುವೆ ಕಳೆದವು.

ರಘು ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಶಾಸ್ತ್ರದಲ್ಲಿ ಎಂ.ಎಸ್ಸಿ., ಅದರಲ್ಲಿ ಚಿನ್ನದ ಪದಕ. ಕಲಿತ ಕಲೆ ಭರತನಾಟ್ಯ. ಗಿಟಾರ್ ಕೈಗೆ ಬಂದದ್ದು ಕಾಲೇಜಿನಲ್ಲಿ ಕಟ್ಟಿದ ಒಂದು ಪಂಥದಿಂದ. ನೌಕರಿಗೆಂದು ಬೆಲ್ಜಿಯಂಗೆ ಹೋದಾಗ ಅಲ್ಲಿನ ರೇಡಿಯೋದಲ್ಲಿ ಅವರ ಹಾಡು ಪ್ರಸಾರವಾಯಿತು. ಆಮೇಲೆ ನೌಕರಿ ಬಿಟ್ಟು ಊರಿಗೆ ಮರಳಿದರು.

ಆ ಹೊತ್ತಿನ ಬೆಂಗಳೂರಿನಲ್ಲಿ ರಾಕ್ ಎಂದರೆ ಬಹುಮಟ್ಟಿಗೆ ಇಂಗ್ಲಿಷ್. ಕಾಲೇಜು ಹಬ್ಬಗಳಲ್ಲಿ ಹುಡುಗರು ಪಶ್ಚಿಮದ ಹಾಡುಗಳನ್ನೇ ನುಡಿಸುತ್ತಿದ್ದರು. 1996ರಲ್ಲಿ ಶುರುವಾದ ‘ಥರ್ಮಲ್ ಅಂಡ್ ಎ ಕ್ವಾರ್ಟರ್’ ಸ್ವಂತ ಹಾಡು ಕಟ್ಟಿದರೂ ಭಾಷೆ ಇಂಗ್ಲಿಷೇ. ಅಂತರಾಗ್ನಿ ಗಿಟಾರಿನ ಪಕ್ಕಕ್ಕೆ ಪಿಟೀಲನ್ನು ತಂದಿತು, ಶಿಶುನಾಳ ಶರೀಫರನ್ನೂ ಕರೆತಂದಿತು.

ಶರೀಫರು (1819–1889) ಆಗಲೇ ಮನೆಮಾತಾಗಿದ್ದರು. ಅಶ್ವಥ್ ಅವರ ದನಿ, 1990ರಲ್ಲಿ ಬಂದ ನಾಗಾಭರಣರ ಸಿನಿಮಾ ಎರಡೂ ಆ ಪದಗಳನ್ನು ಊರೂರಿಗೆ ಮುಟ್ಟಿಸಿದ್ದವು. ಅಷ್ಟು ಗಟ್ಟಿಯಾಗಿ ಕಿವಿಯಲ್ಲಿ ಕೂತ ಧಾಟಿಯನ್ನು ಬಿಟ್ಟು ಹಾಡುವುದು ಸುಲಭವಲ್ಲ. ರಘು ಮನೆಯ ಮಾಳಿಗೆ ಸೋರುವ ಪದಕ್ಕೂ ಗುಡಗುಡಿಯ ಪದಕ್ಕೂ ಬೇರೆಯೇ ಜಾಡು ಹಿಡಿದರು. ಶಿಶುನಾಳದ ಸೀಮೆಯಲ್ಲಿ ಮಾಳಿಗೆ ಎಂದರೆ ಮಣ್ಣು ಹಾಸಿದ ಚಾವಣಿ. ಹಳದೀಪುರದವರಿಗೆ ಆ ಪದ ಕೇಳಿದರೆ ಆಷಾಢದ ಮಳೆಯಲ್ಲಿ ಹೆಂಚು ಸರಿದ ಮಾಡು, ಅದರ ಕೆಳಗಿಟ್ಟ ಪಾತ್ರೆ ನೆನಪಾಗುತ್ತದೆ. ಚಾವಣಿ ಬದಲಾದರೂ ಪದ ನಿಲ್ಲುತ್ತದೆ ಎಂದಮೇಲೆ ವಾದ್ಯ ಬದಲಾದರೆ ಕೆಡುತ್ತದೆಯೇ? ಕೆಡುವುದಿಲ್ಲ ಎನ್ನುವವರಲ್ಲಿ ನಾನೂ ಒಬ್ಬ.

ಕಂಪನಿಗಳಿಗೆ ಹಾಗೆ ಅನಿಸಲಿಲ್ಲ. ಸುಮಾರು ಎಂಟು ವರ್ಷ ರಘು ಹಾಡುಗಳನ್ನು ಹಿಡಿದು ಬಾಗಿಲಿಂದ ಬಾಗಿಲಿಗೆ ಅಲೆದರು. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಒಂದೇ ತಂಡದಲ್ಲಿದ್ದರೆ ಅಂಗಡಿಯ ಯಾವ ಕಪಾಟಿನಲ್ಲಿ ಇಡುವುದು? ಈ ನಡುವೆ ಅಂತರಾಗ್ನಿಯೇ ಚದುರಿತು.

ಚದುರಿದ ಮೇಲೆ ಅವರು ಮಾಡಿದ್ದು ಹೊನ್ನಾವರ ಸೀಮೆಯವರಿಗೆ ಚೆನ್ನಾಗಿ ಅರ್ಥವಾಗುವ ಕೆಲಸ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಬದುಕಿದ್ದು ಧ್ವನಿಮುದ್ರಿಕೆ ಮಾರಿ ಅಲ್ಲ, ತಿರುಗಾಟದಿಂದ. ಆಟ ಕಂಡ ಊರಿನವರು ಮತ್ತೆ ಕರೆದರೆ ಮೇಳ ಉಳಿಯಿತು. ವೇಷಧಾರಿ ಒಂದು ಮೇಳ ಬಿಟ್ಟು ಇನ್ನೊಂದಕ್ಕೆ ಹೋಗುತ್ತಾನೆ, ಹೊಸಬ ಬರುತ್ತಾನೆ, ಭಾಗವತ ಪದ ಎತ್ತಿದರೆ ಆಟ ಸಾಗುತ್ತದೆ. ‘ರಘು ದೀಕ್ಷಿತ್ ಪ್ರಾಜೆಕ್ಟ್’ ಕೂಡ ಹಾಗೆಯೇ. ಕಲಾವಿದರು ಬಂದು ಹೋಗಬಹುದಾದ ತೆರೆದ ಚಾವಡಿ ಅದು, ಭಾಗವತ ಮಾತ್ರ ಒಬ್ಬನೇ. ಮುಂದೆ ಅವರ ಗುರುತೇ ಆದ ಲುಂಗಿ ಮತ್ತು ಕಾಲ್ಗೆಜ್ಜೆಯನ್ನು ನೋಡಿದರೆ ವೇಷದ ಮಹತ್ವವೂ ಅವರಿಗೆ ತಿಳಿದಿತ್ತು ಅನಿಸುತ್ತದೆ. ಭರತನಾಟ್ಯ ಕಲಿತದ್ದು ವ್ಯರ್ಥವಾಗಲಿಲ್ಲ.

ಬಾಗಿಲು ತೆರೆದದ್ದೂ ಇಂಥ ಒಂದು ರಾತ್ರಿಯ ಆಟದಿಂದಲೇ. ಮುಂಬೈನ ಕ್ಲಬ್ ಒಂದರಲ್ಲಿ ಅವರು ಹಾಡುವುದನ್ನು ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಕೇಳಿದರು. ವಿಶಾಲ್ ದದ್ಲಾನಿ ಸ್ವತಃ ‘ಪೆಂಟಾಗ್ರಾಮ್’ ಎಂಬ ರಾಕ್ ತಂಡದ ಹಾಡುಗಾರ, ಬಾಗಿಲ ಹೊರಗೆ ಕಾಯುವುದೇನೆಂದು ತಿಳಿದವರು. 2008ರಲ್ಲಿ ಅವರ ಕೌಂಟರ್ ಕಲ್ಚರ್ ರೆಕಾರ್ಡ್ಸ್ ಮೊದಲ ಆಲ್ಬಮ್ ಹೊರತಂದಿತು. ಒಡೆದುಹೋದ ತಂಡದ ಹೆಸರು, ‘ಅಂತರಾಗ್ನಿ’, ಆಲ್ಬಮ್ಮಿನ ಹೆಸರಾಗಿ ಉಳಿಯಿತು. ಅದೇ ವರ್ಷ ‘ಸೈಕೋ’ ಸಿನಿಮಾಕ್ಕೆ ರಘು ಮಾಡಿದ ಮಹದೇಶ್ವರನ ಹಾಡು ಕನ್ನಡಿಗರ ಬಾಯಲ್ಲಿ ನಲಿಯಿತು. ಅಷ್ಟರಲ್ಲಿ ತಮ್ಮ ವಾಸು ದೀಕ್ಷಿತ್ ‘ಸ್ವರಾತ್ಮ’ ಎಂಬ ಇನ್ನೊಂದು ತಂಡ ಕಟ್ಟಿಕೊಂಡು ಊರೂರು ತಿರುಗುತ್ತಿದ್ದರು. ಅವರ ಮೊದಲ ಆಲ್ಬಮ್ 2009ರಲ್ಲಿ ಬಂತು.